ಚೀನಾದವರ ಬಿಪಿ, ಶುಗರ್, ಹೃದಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚೀನಾದ ಶೆನ್ಯಾಂಗ್‌ನಲ್ಲಿ ಆರು ವರ್ಷ ಇದ್ದು ಎಂಬಿಬಿಎಸ್ ಓದಿ ಬಂದವನು. ಈಗ ಚಿತ್ರದುರ್ಗದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಚೀನಾದಲ್ಲಿ ಓದಿದವನು ಅಂತ ಗೊತ್ತಾದ ಕೂಡಲೇ ಜನ ಮೊದಲು ಹಾವು ತಿಂದ್ರಾ ಅಂತ ಕೇಳುತ್ತಾರೆ. ಆಮೇಲೆ ನಿಧಾನಕ್ಕೆ ಆರೋಗ್ಯದ ವಿಷಯಕ್ಕೆ ಬರುತ್ತಾರೆ. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದ ಅಪ್ಪ ಅಮ್ಮಂದಿರು, ಶೆನ್‌ಜೆನ್‌ನಲ್ಲಿ ಕೆಲಸಕ್ಕಿರುವ ಹುಡುಗರು, ಕಾಗದ ಬರೆಯುವ ನಿವೃತ್ತ ಮೇಷ್ಟ್ರುಗಳು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವನ್ನೇ. ಹಾವಿನ ಪ್ರಶ್ನೆ ಬಿಟ್ಟು ಉಳಿದವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಚೀನಾದವರು ಸಣ್ಣಗಿರ್ತಾರೆ, ಗ್ರೀನ್ ಟೀ ಕುಡೀತಾರೆ, ಸೈಕಲ್ ಹೊಡೀತಾರೆ. ಅವರಿಗೂ ಹಾರ್ಟ್ ಪ್ರಾಬ್ಲಂ ಬರುತ್ತಾ?

ಬರುತ್ತದೆ, ಚೆನ್ನಾಗೇ ಬರುತ್ತದೆ. ಅಲ್ಲಿ ಹತ್ತು ಜನ ಸತ್ತರೆ ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾವು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ. ನಿಮ್ಮ ತಲೆಯಲ್ಲಿರುವ ಸೈಕಲ್ ಚಿತ್ರ 1980ರ ಕಾಲದ್ದು. ಆಗ ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ. 2013ರ ದೇಶವ್ಯಾಪಿ ಸಮೀಕ್ಷೆಯಲ್ಲಿ ಅದು ಶೇಕಡಾ 10.9ಕ್ಕೆ ಬಂದಿತ್ತು. ಒಂದೇ ತಲೆಮಾರಿನಲ್ಲಿ ಆದ ಬದಲಾವಣೆ ಇದು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದ ಅಪ್ಪನ ಮಗ ಈಗ ಹದಿನೆಂಟನೇ ಮಹಡಿಯಲ್ಲಿ ಕುರ್ಚಿ ಬಿಟ್ಟು ಏಳುವುದಿಲ್ಲ. ಬೆಂಗಳೂರಿನ ಕಥೆ ಕೇಳಿದ ಹಾಗಿದೆ ಅಲ್ವಾ?

ನನ್ನ ಜೊತೆ ಕೆಲಸ ಮಾಡೋ ಚೀನೀಯ ಪದೇ ಪದೇ "ಸಾನ್ ಗಾವ್" ಅಂತಾನೆ. ಏನದು?

"ಮೂರು ಏರಿದವು" ಅಂತ ಅರ್ಥ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರಕ್ಕೂ ಸೇರಿಸಿ ಒಂದೇ ಹೆಸರು. ನಮ್ಮಲ್ಲಿ "ಬಿಪಿ ಶುಗರ್ ಇದೆಯಾ?" ಅಂತ ಒಂದೇ ಉಸಿರಲ್ಲಿ ಕೇಳುವುದಿಲ್ಲವೇ, ಹಾಗೆ. ವರ್ಷಕ್ಕೊಮ್ಮೆ ಆಫೀಸಿನವರು ಮಾಡಿಸುವ ಚೆಕಪ್ ಮುಗಿದ ಮೇಲೆ ಊಟದ ಮೇಜಿನಲ್ಲಿ ನಡೆಯುವ ಮಾತೆಲ್ಲ ಇದೇ. ಅವನು ತನಗೆ ಸಾನ್ ಗಾವ್ ಇದೆ ಅಂದರೆ ಮೂರರಲ್ಲಿ ಒಂದಾದರೂ ಕೈ ಮೀರಿದೆ ಅಂತ ತಿಳಿದುಕೊಳ್ಳಿ, ಮತ್ತೆ ಮತ್ತೆ ಕರಿದ ತಿಂಡಿ ತಿನ್ನಲು ಒತ್ತಾಯ ಮಾಡಬೇಡಿ.

ಅಲ್ಲಿ ಹಾರ್ಟ್ ಅಟ್ಯಾಕ್‌ಗಿಂತ ಲಕ್ವ ಹೊಡೆಯೋದೇ ಜಾಸ್ತಿ ಅಂತಾರೆ. ನಿಜಾನಾ?

ನಿಜ. ಪಶ್ಚಿಮದ ದೇಶಗಳಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಮುಂದಿದ್ದರೆ, ಚೀನಾದಲ್ಲಿ ಬಹಳ ಕಾಲದಿಂದ ಮಿದುಳಿನ ಪಾರ್ಶ್ವವಾಯು ಮುಂದೆ. ಅದರಲ್ಲೂ ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತ ಸುರಿಯುವ ಬಗೆ ಅಲ್ಲಿ ಪಶ್ಚಿಮಕ್ಕಿಂತ ಹೆಚ್ಚು. ದೊಡ್ಡ ಕಾರಣ ಬಿಪಿ. ವರ್ಷಗಟ್ಟಲೆ ಯಾರೂ ನೋಡದೆ ಬಿಟ್ಟ ಬಿಪಿ ಮಿದುಳಿನ ಸಣ್ಣ ನಾಳಗಳನ್ನು ಒಳಗಿಂದಲೇ ಸವೆಸುತ್ತದೆ. ದೇಶದೊಳಗೂ ವ್ಯತ್ಯಾಸ ಇದೆ. ಉಪ್ಪು ಹೆಚ್ಚು, ಚಳಿ ಹೆಚ್ಚು ಇರುವ ಉತ್ತರದಲ್ಲಿ ಪಾರ್ಶ್ವವಾಯು ದಕ್ಷಿಣಕ್ಕಿಂತ ಜಾಸ್ತಿ.

ಒಂದು ಮಾತು ಸೇರಿಸುತ್ತೇನೆ. ಚೀನೀ ಭಾಷೆಯಲ್ಲಿ ಪಾರ್ಶ್ವವಾಯುವಿಗೆ "ಚೊಂಗ್ ಫೆಂಗ್" ಅಂತಾರೆ. ಗಾಳಿ ಬಡಿಯುವುದು ಅಂತ ಅರ್ಥ. ನಮ್ಮದೂ ವಾಯುವೇ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ನಮ್ಮ ಪ್ರೊಫೆಸರ್ ಎದ್ದು ಬಂದು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡಿದ್ದರು.

ಬಿಪಿ ಎಷ್ಟು ಜನಕ್ಕಿದೆ? ಮಾತ್ರೆ ತಗೊಳ್ತಾರಾ?

2012ರಿಂದ 2015ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ಶೇಕಡಾ 23.2ರಷ್ಟು ಮಂದಿಗೆ, ಅಂದರೆ ಸುಮಾರು 24.5 ಕೋಟಿ ಜನಕ್ಕೆ. ಬಿಪಿ ಇರುವ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿದರೆ, ತನಗೆ ಬಿಪಿ ಇದೆ ಅಂತ ಗೊತ್ತಿದ್ದವರು ಐದಕ್ಕಿಂತ ಕಡಿಮೆ. ಮಾತ್ರೆ ತೆಗೆದುಕೊಳ್ಳುತ್ತಿದ್ದವರು ನಾಲ್ಕು. ಬಿಪಿ ಹತೋಟಿಯಲ್ಲಿ ಇದ್ದವರು ಒಬ್ಬರೋ ಇಬ್ಬರೋ (ಶೇಕಡಾ 15.3). ತಲೆನೋವು ಬರದೆ ಹೋದರೆ ಬಿಪಿ ಇಲ್ಲ ಅನ್ನುವ ನಂಬಿಕೆ ಅಲ್ಲೂ ಇದೆ. ನನ್ನ ಕ್ಲಿನಿಕ್‌ನಲ್ಲಿ ದಿನಾ ಕೇಳುವ ಮಾತು ಅದು.

## ಅಡುಗೆಮನೆ, ಸಿಗರೇಟು, ಗಾಳಿ

ಅವರ ಊಟದಲ್ಲಿ ಅಷ್ಟು ಉಪ್ಪು ಎಲ್ಲಿಂದ ಬರುತ್ತೆ? ಪ್ಯಾಕೆಟ್ ತಿಂಡಿಯಿಂದಾ?

ಪಶ್ಚಿಮದಲ್ಲಿ ಪ್ಯಾಕೆಟ್ಟು, ಬ್ರೆಡ್ಡು. ಚೀನಾದಲ್ಲಿ ಬಹುಪಾಲು ಮನೆಯ ಒಲೆಯ ಮುಂದೆಯೇ ಬೀಳುತ್ತದೆ: ಹುರಿಯುವಾಗ ಹಾಕುವ ಉಪ್ಪು, ಅದರ ಮೇಲೆ ಸೋಯಾ ಸಾಸ್, ಪಕ್ಕಕ್ಕೆ ಉಪ್ಪಲ್ಲಿ ಹಾಕಿಟ್ಟ ತರಕಾರಿ. ದಿನಕ್ಕೆ ಐದು ಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಲ್ಲಿನವರು ತಿನ್ನುವುದು ಸರಾಸರಿ ಅದರ ಎರಡರಷ್ಟು.

ನಾನು ಬಾಡಿಗೆಗಿದ್ದ ಮನೆಯ ಎದುರು ಒಬ್ಬರು ಅಜ್ಜಿ ಇದ್ದರು. ನಾವೆಲ್ಲ "ನೈನೈ" ಅಂತ ಕರೆಯುತ್ತಿದ್ದೆವು, ಅಜ್ಜಿ ಅಂತಲೇ ಅರ್ಥ. ಅಕ್ಟೋಬರ್ ಕೊನೆಗೆ ಕಟ್ಟಡದ ಮೆಟ್ಟಿಲ ಮೇಲೆಲ್ಲ ಚೈನೀಸ್ ಕೋಸು ರಾಶಿ ಬೀಳುತ್ತಿತ್ತು. ನೈನೈ ಅವನ್ನು ಬಿಸಿಲಿಗೆ ಒಂದೆರಡು ದಿನ ಬಾಡಿಸಿ, ತನ್ನ ಸೊಂಟದೆತ್ತರದ ಮಣ್ಣಿನ ಹಂಡೆಯಲ್ಲಿ ಒಂದು ಪದರ ಕೋಸು, ಒಂದು ಹಿಡಿ ಉಪ್ಪು, ಮತ್ತೆ ಒಂದು ಪದರ ಕೋಸು ಅಂತ ಜೋಡಿಸುತ್ತಿದ್ದರು. ಮೇಲೆ ಒಂದು ಗುಂಡುಕಲ್ಲು. ನಮ್ಮ ಮನೆಯಲ್ಲಿ ಮಿಡಿ ಉಪ್ಪಿನಕಾಯಿಗೆ ಮಾವಿನಕಾಯಿಯನ್ನು ಉಪ್ಪಲ್ಲಿ ಹಾಕುವ ಗತ್ತು ಇದೆಯಲ್ಲ, ಅದೇ ಗತ್ತು. ಒಂದು ತಿಂಗಳಿಗೆ "ಸ್ವಾನ್ ಸಾಯ್" ಸಿದ್ಧ. ಮೈನಸ್ ಇಪ್ಪತ್ತು ಡಿಗ್ರಿ ಚಳಿಗಾಲದಲ್ಲಿ ಒಂದು ಕಾಲಕ್ಕೆ ಅವರಿಗೆ ಅದು ಬಿಟ್ಟರೆ ಬೇರೆ ತರಕಾರಿ ಇರಲಿಲ್ಲ. ನೈನೈಗೆ ಬಿಪಿ 170. ಉಪ್ಪು ಕಡಿಮೆ ಮಾಡಿ ಅಂದರೆ "ಮೇಯ್ ವೆರ್" ಅನ್ನುತ್ತಿದ್ದರು. ಕನ್ನಡದಲ್ಲಿ ಒಂದೇ ಪದ: ಸಪ್ಪೆ.

ಬರೀ ಉಪ್ಪು ಬದಲಾಯಿಸಿ ಲಕ್ವ ಕಡಿಮೆ ಮಾಡಿದ್ರಂತೆ. ಇದು ಯಾವುದೋ ಕಂಪನಿ ಜಾಹೀರಾತಾ?

ಜಾಹೀರಾತು ಅಲ್ಲ, ನಾನು ಎಲ್ಲರಿಗೂ ಹೇಳಿಕೊಂಡು ತಿರುಗುವ ಸಂಶೋಧನೆ ಇದು. ಉತ್ತರ ಚೀನಾದ ಐದು ಪ್ರಾಂತ್ಯಗಳ 600 ಹಳ್ಳಿಗಳನ್ನು ತೆಗೆದುಕೊಂಡರು. ಹಿಂದೆ ಪಾರ್ಶ್ವವಾಯು ಆಗಿದ್ದ, ಇಲ್ಲವೇ ಅರವತ್ತು ದಾಟಿ ಬಿಪಿ ಇದ್ದ 20,995 ಜನ. ಅರ್ಧ ಹಳ್ಳಿಗಳಿಗೆ ಬೇರೆ ಉಪ್ಪು ಕೊಟ್ಟರು. ಅದರಲ್ಲಿ ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಉಳಿದರ್ಧ ಹಳ್ಳಿಗಳಲ್ಲಿ ಎಂದಿನ ಉಪ್ಪು. ಬೇರೆ ಪಥ್ಯ ಇಲ್ಲ, ಜಿಮ್ ಇಲ್ಲ. ಸುಮಾರು ಐದು ವರ್ಷ ಕಳೆದ ಮೇಲೆ ನೋಡಿದರೆ, ಬೇರೆ ಉಪ್ಪಿನ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14 ಕಡಿಮೆ, ಸಾವು ಶೇಕಡಾ 12 ಕಡಿಮೆ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

ಈ ಉಪಾಯ ಅಲ್ಲಿ ಕೆಲಸ ಮಾಡಿದ್ದಕ್ಕೆ ಕಾರಣ ಮೇಲಿನ ಪ್ರಶ್ನೆಯಲ್ಲೇ ಇದೆ. ಉಪ್ಪು ಬೀಳುವುದು ಮನೆಯ ಡಬ್ಬಿಯಿಂದ. ಡಬ್ಬಿ ಬದಲಾದರೆ ಊಟವೇ ಬದಲಾದಂತೆ, ರುಚಿಯಲ್ಲಿ ಅಂಥ ವ್ಯತ್ಯಾಸವೂ ಇಲ್ಲ. ನಮ್ಮ ಮನೆಗಳಲ್ಲೂ ಸಾರು, ಹುಳಿ, ಪಲ್ಯಕ್ಕೆ ಉಪ್ಪು ಹಾಕುವವರು ನಾವೇ, ಹಾಗಾಗಿ ಈ ವಿಷಯ ನಮಗೂ ಹತ್ತಿರದ್ದು.

ಹಾಗಾದ್ರೆ ನಾವೂ ಇವತ್ತೇ ಆ ಉಪ್ಪು ತರಬಹುದಾ?

ಒಂದು ನಿಮಿಷ ತಡೆಯಿರಿ. ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರು ಎಳನೀರು ಬೇಡ ಅನ್ನುತ್ತಾರೆ, ಯಾಕೆ? ಅದರಲ್ಲಿ ಪೊಟ್ಯಾಸಿಯಂ ಇದೆ, ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಈ ಉಪ್ಪಿಗೂ ಅದೇ ಮಾತು. ಚೀನಾದ ಆ ಪ್ರಯೋಗದಲ್ಲೂ ದೊಡ್ಡ ಕಿಡ್ನಿ ಕಾಯಿಲೆ ಇದ್ದವರನ್ನು, ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಮಾತ್ರೆ ತೆಗೆದುಕೊಳ್ಳುವವರನ್ನು ಸೇರಿಸಿಕೊಂಡಿರಲಿಲ್ಲ. ಉಪ್ಪಿನ ಡಬ್ಬಿ ಮನೆಗೆಲ್ಲ ಒಂದೇ. ಹಾಗಾಗಿ ನಿಮ್ಮೊಬ್ಬರದ್ದಲ್ಲ, ಮನೆಯಲ್ಲಿ ಉಣ್ಣುವ ಎಲ್ಲರ ಕಿಡ್ನಿ ವಿಷಯ ತಿಳಿದುಕೊಂಡು, ಡಾಕ್ಟರನ್ನು ಕೇಳಿ ತನ್ನಿ.

ಶಾಲೆ ಮಕ್ಕಳ ಕೈಲಿ ಮನೆಯವರ ಉಪ್ಪು ಕಡಿಮೆ ಮಾಡಿಸಿದ್ರಂತೆ, ಹೌದಾ?

ಹೌದು. ಶಾನ್‌ಷಿ ಪ್ರಾಂತ್ಯದ ಚಾಂಗ್‌ಜಿ ಎಂಬಲ್ಲಿ, 28 ಪ್ರಾಥಮಿಕ ಶಾಲೆಗಳಲ್ಲಿ. ಐದನೇ ಕ್ಲಾಸಿನ ಮಕ್ಕಳಿಗೆ ಉಪ್ಪಿನ ಪಾಠ ಹೇಳಿಕೊಟ್ಟು, ಮನೆಗೆ ಹೋಗಿ ಅಡುಗೆ ಮಾಡುವವರಿಗೆ ತಿಳಿಸಿ ಅಂದರು. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮನೆಯ ದೊಡ್ಡವರ ಉಪ್ಪು ದಿನಕ್ಕೆ ಸುಮಾರು 2.9 ಗ್ರಾಂ ಇಳಿದಿತ್ತು. ಅದನ್ನು ಮೂತ್ರ ಪರೀಕ್ಷೆ ಮಾಡಿ ಅಳೆದದ್ದು, ಸುಮ್ನೆ ಕೇಳಿ ಬರೆದುಕೊಂಡದ್ದಲ್ಲ. ಡಾಕ್ಟರ್ ಹೇಳಿದರೆ ಕೇಳದ ಅಜ್ಜ, ಮೊಮ್ಮಗಳು ಚಮಚ ಕಿತ್ತುಕೊಂಡರೆ ಸುಮ್ಮನಾಗುತ್ತಾನೆ.

ಅಲ್ಲಿ ಎಲ್ಲಾ ಗಂಡಸರೂ ಸಿಗರೇಟ್ ಸೇದ್ತಾರಾ?

ಎಲ್ಲರೂ ಅಲ್ಲ, ಅರ್ಧ. 2018ರ ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇಕಡಾ 50.5, ಹೆಂಗಸರಲ್ಲಿ 2.1. ಒಟ್ಟು ಮೂವತ್ತು ಕೋಟಿಗಿಂತ ಹೆಚ್ಚು ಜನ. ಹೆಂಗಸರು ಸೇದುವುದು ಬಹಳ ಕಡಿಮೆ, ಆದರೆ ಹೊಗೆ ಅವರಿಗೂ ಬೀಳುತ್ತದೆ.

ಅಲ್ಲಿ ಸಿಗರೇಟು ಬರೀ ಚಟ ಅಲ್ಲ, ಅದು ನಮ್ಮ ತಾಂಬೂಲದ ಜಾಗದಲ್ಲಿ ಇದೆ. ನಾನು ಹೋದ ಒಂದು ಮದುವೆಯಲ್ಲಿ ಮದುಮಗಳೇ ಮೇಜಿನಿಂದ ಮೇಜಿಗೆ ಬಂದು ಹಿರಿಯ ಗಂಡಸರ ಸಿಗರೇಟಿಗೆ ಬೆಂಕಿಕಡ್ಡಿ ಗೀರಿದಳು. ಒಬ್ಬರು ತುಂಟ ಮಾವ ಮೂರು ಸಲ ಊದಿ ಆರಿಸಿದರು, ಎಲ್ಲರೂ ನಕ್ಕರು. ಬೇಡ ಅನ್ನುವುದು ಅಲ್ಲಿ ಕಷ್ಟ. ಇನ್ನು ತಂಬಾಕು ವ್ಯಾಪಾರ ಸರ್ಕಾರದ ಏಕಸ್ವಾಮ್ಯ. ಬಿಡಿಸಬೇಕಾದವರೂ ಮಾರುವವರೂ ಒಬ್ಬರೇ ಆದರೆ ಕೆಲಸ ಹೇಗೆ ಸಾಗುತ್ತದೆ ಹೇಳಿ. ಆದರೂ ಬೀಜಿಂಗ್‌ನಲ್ಲಿ 2015ರ ಜೂನ್ 1ರಿಂದ ಹೋಟೆಲು, ಆಫೀಸು ಮುಂತಾದ ಒಳಾಂಗಣದಲ್ಲಿ ಸೇದುವುದು ನಿಷೇಧ.

ಸ್ವಲ್ಪ ಕುಡಿದ್ರೆ ಹೃದಯಕ್ಕೆ ಒಳ್ಳೇದು ಅಂತಾರಲ್ಲ, ಅದನ್ನ ಚೀನಾದಲ್ಲೇ ಪರೀಕ್ಷೆ ಮಾಡಿದ್ರಂತೆ?

ಮಾಡಿದರು, ಸೊಗಸಾಗಿ ಮಾಡಿದರು. ಪೂರ್ವ ಏಷ್ಯಾದ ಬಹಳ ಜನಕ್ಕೆ ಹೆಂಡ ಕುಡಿದರೆ ಮುಖ ಕೆಂಪಾಗುತ್ತದೆ. ಹೆಂಡವನ್ನು ಒಡೆಯುವ ಒಂದು ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಿಂಸೆಯಾಗುವುದರಿಂದ ಅವರು ಕುಡಿಯುವುದೇ ಕಡಿಮೆ. ಅಂದರೆ ಯಾರು ಎಷ್ಟು ಕುಡಿಯಬೇಕು ಅಂತ ಪ್ರಕೃತಿಯೇ ಚೀಟಿ ಎತ್ತಿದ ಹಾಗೆ. ಐದು ಲಕ್ಷಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಂಡಿದ್ದ ಚೀನಾ ಕಡೂರಿ ಬಯೋಬ್ಯಾಂಕ್ ಎಂಬ ಅಧ್ಯಯನದವರು 2019ರಲ್ಲಿ ಇದನ್ನೇ ಬಳಸಿ ಲೆಕ್ಕ ಹಾಕಿದರು. ಕುಡಿತ ಹೆಚ್ಚಿದಷ್ಟೂ ಬಿಪಿ, ಪಾರ್ಶ್ವವಾಯು ಎರಡೂ ಹೆಚ್ಚು. "ಸ್ವಲ್ಪ" ಕುಡಿದವರಿಗೆ ಪಾರ್ಶ್ವವಾಯುವಿನಿಂದ ರಕ್ಷಣೆ ಸಿಗಲಿಲ್ಲ. ಅಂದಹಾಗೆ, ಈ ಕಡೂರಿಗೂ ನಮ್ಮ ಚಿಕ್ಕಮಗಳೂರಿನ ಕಡೂರಿಗೂ ಸಂಬಂಧ ಇಲ್ಲ, ಅದು ಹಾಂಗ್‌ಕಾಂಗ್‌ನ ಒಂದು ಮನೆತನದ ಹೆಸರು.

ಬೀಜಿಂಗ್ ಹೊಗೆಯಿಂದ ಹೃದಯಕ್ಕೆ ಏನಾದ್ರೂ ಆಗುತ್ತಾ, ಇಲ್ಲಾ ಬರೀ ಕೆಮ್ಮಾ?

ಆಗುತ್ತದೆ. ಸಣ್ಣ ಕಣ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೂ ಇಳಿಯುತ್ತದೆ. ಹುವಾಯ್ ನದಿಯ ಉತ್ತರಕ್ಕೆ ಮಾತ್ರ ಸರ್ಕಾರ ಚಳಿಗಾಲದಲ್ಲಿ ಕಲ್ಲಿದ್ದಲು ಸುಟ್ಟು ಮನೆ ಬೆಚ್ಚಗಿಡುತ್ತಿತ್ತು. ನದಿಯ ಆಚೆ ಈಚೆಯವರನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಉತ್ತರದವರ ಆಯಸ್ಸು ಮೂರು ವರ್ಷದಷ್ಟು ಕಡಿಮೆ ಅಂದಿತು, ಹೆಚ್ಚಿನ ಸಾವು ಹೃದಯ ಮತ್ತು ಶ್ವಾಸಕೋಶದ್ದೇ. 2013ರಿಂದ ಸರ್ಕಾರ ಬಿಗಿ ಮಾಡಿದ ಮೇಲೆ ಗಾಳಿ ಬಹಳ ಸುಧಾರಿಸಿದೆ.

ಅನ್ನ, ನೂಡಲ್ಸ್, ತರಕಾರಿ ತಿನ್ನೋರಿಗೆ ಕೊಲೆಸ್ಟ್ರಾಲ್ ಹೇಗೆ ಬಂತು?

ಈಗ ಅವರ ತಟ್ಟೆ ಹಾಗಿಲ್ಲ. ಬೀಜಿಂಗ್‌ನಲ್ಲಿ 1984ರಿಂದ 1999ರ ನಡುವೆ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಗಂಡಸರ ಪ್ರಮಾಣ ಸುಮಾರು ಅರ್ಧದಷ್ಟು ಏರಿತು. ಆ ಏರಿಕೆಯ ಮುಕ್ಕಾಲು ಭಾಗಕ್ಕೆ ಕಾರಣ ಕೊಲೆಸ್ಟ್ರಾಲ್ ಏರಿದ್ದೇ ಅಂತ ಲೆಕ್ಕ ಹಾಕಿದ್ದಾರೆ. ರೇಷನ್ ಕಾಲದಲ್ಲಿ ತಿಂಗಳಿಗೆ ಇಷ್ಟೇ ಅಂತ ಅಳೆದು ಕೊಡುತ್ತಿದ್ದ ಹಂದಿ ಮಾಂಸ, ಎಣ್ಣೆ ಎರಡೂ ದಿನದ ಊಟಕ್ಕೆ ಬಂದವು. ಬಡತನ ನೋಡಿದ ಅಪ್ಪ ಅಮ್ಮ ಮಕ್ಕಳ ಬಟ್ಟಲಿಗೆ ಮಾಂಸ ಹಾಕುವುದನ್ನು ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

## ಶುಗರ್ ಮತ್ತು ಸೊಂಟ

ಅವರು ನಮಗಿಂತ ಸಣ್ಣ ಕಾಣ್ತಾರೆ. ಆದ್ರೂ ಡಾಕ್ಟರ್ "ದಪ್ಪ" ಅಂತಾರಲ್ಲ?

ಅಳತೆಗೋಲೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಆದರೆ ತೂಕ ಹೆಚ್ಚು, 30 ಆದರೆ ಬೊಜ್ಜು. ಚೀನಾದಲ್ಲಿ ಆ ಗಡಿ 24 ಮತ್ತು 28. ನಮಗೆ ಇನ್ನೂ ಬಿಗಿ, 23 ಮತ್ತು 25. ಏಷ್ಯಾದವರಿಗೆ ಕೈಕಾಲು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯೊಳಗೆ ಸೇರುವುದು ಜಾಸ್ತಿ, ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 85 ದಾಟಿದರೆ ಅಲ್ಲಿ ಎಚ್ಚರಿಕೆ ಕೊಡುತ್ತಾರೆ. ಡೊಳ್ಳು ಹೊಟ್ಟೆಗೆ ಚೀನೀಯರು "ಸೇನಾಪತಿ ಹೊಟ್ಟೆ" ಅಂತಾರೆ. ಒಂದು ಕಾಲಕ್ಕೆ ಅದು ಗೌರವದ ಮಾತಾಗಿತ್ತು.

ಶುಗರ್‌ನಲ್ಲಿ ನಾವೇ ನಂಬರ್ ಒನ್ ಅಲ್ವಾ?

ಮಧುಮೇಹದ ಅಂತರರಾಷ್ಟ್ರೀಯ ಒಕ್ಕೂಟದ 2021ರ ಲೆಕ್ಕದಲ್ಲಿ ಚೀನಾ ಮೊದಲು, ಸುಮಾರು 14 ಕೋಟಿ. ಭಾರತ ಎರಡನೇದು, 7.4 ಕೋಟಿ. ಈ ಪಂದ್ಯದಲ್ಲಿ ಸೋತರೇ ಒಳ್ಳೆಯದು.

"ಬಾರ್ಡರ್‌ನಲ್ಲಿದೆ, ಎಚ್ಚರ" ಅಂತಾರೆ. ಎಚ್ಚರ ಇದ್ರೆ ನಿಜವಾಗ್ಲೂ ಶುಗರ್ ತಪ್ಪುತ್ತಾ? ಯಾರಾದ್ರೂ ನೋಡಿದ್ದಾರಾ?

ನೋಡಿದ್ದಾರೆ, ಮೂವತ್ತು ವರ್ಷ ಬಿಡದೆ ನೋಡಿದ್ದಾರೆ. ಉತ್ತರದ ತುದಿಯಲ್ಲಿ, ಹೈಲೊಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ ದಾಚಿಂಗ್ ಅಂತ ಒಂದು ಊರಿದೆ. ನೆಲದಡಿ ಎಣ್ಣೆ ಸಿಕ್ಕಿದ್ದಕ್ಕೆ ಎದ್ದ ಊರು. ಬೀಜಿಂಗ್‌ನ ಡಾಕ್ಟರ್ ಪಾನ್ ಶಿಯಾವ್‌ರೆನ್ ತಂಡದವರು 1986ರಲ್ಲಿ ಅಲ್ಲಿನ 33 ಕ್ಲಿನಿಕ್‌ಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಬಾರ್ಡರ್‌ನಲ್ಲಿದ್ದ 577 ಜನರನ್ನು ಆರಿಸಿದರು. ಕೆಲವು ಕ್ಲಿನಿಕ್‌ನವರಿಗೆ ಊಟದ ಪಥ್ಯ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ. ಉಳಿದವರಿಗೆ ಮಾಮೂಲಿ ಸಲಹೆ ಅಷ್ಟೇ.

ವ್ಯಾಯಾಮದ ಲೆಕ್ಕ ನನಗೆ ಬಹಳ ಇಷ್ಟ. ದಿನಕ್ಕೆ ಒಂದು "ಪಾಲು" ಜಾಸ್ತಿ ಮಾಡಿ ಅಂದರು. ಒಂದು ಪಾಲು ಅಂದರೆ ಮೂವತ್ತು ನಿಮಿಷ ನಿಧಾನದ ನಡಿಗೆ, ಇಲ್ಲವೇ ಇಪ್ಪತ್ತು ನಿಮಿಷ ಬಿರುಸಿನ ನಡಿಗೆ, ಇಲ್ಲವೇ ಹತ್ತು ನಿಮಿಷ ಓಟ, ಇಲ್ಲವೇ ಐದು ನಿಮಿಷ ಹಗ್ಗದಾಟ. ಬೇಕಾದ್ದು ಆರಿಸಿಕೊಳ್ಳಿ.

ಆರು ವರ್ಷದಲ್ಲಿ ಮಾಮೂಲಿ ಗುಂಪಿನ ಶೇಕಡಾ 67.7 ಮಂದಿಗೆ ಶುಗರ್ ಬಂದಿತ್ತು. ಉಳಿದ ಮೂರು ಗುಂಪುಗಳಲ್ಲಿ 41ರಿಂದ 46. ತಮಾಷೆ ಅಂದರೆ, ಪಥ್ಯ ಮತ್ತು ವ್ಯಾಯಾಮ ಎರಡೂ ಮಾಡಿದವರಿಗೆ ಒಂದೊಂದೇ ಮಾಡಿದವರಿಗಿಂತ ಹೆಚ್ಚಿನ ಲಾಭ ಆಗಲಿಲ್ಲ. ಆರು ವರ್ಷಕ್ಕೆ ಕಾರ್ಯಕ್ರಮ ನಿಂತಿತು, ಆದರೆ ಜನರ ಜಾಡು ಬಿಡಲಿಲ್ಲ. ಮೂವತ್ತು ವರ್ಷದ ಲೆಕ್ಕ 2019ರಲ್ಲಿ ಬಂತು. ಶುಗರ್ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯಾಘಾತ ಪಾರ್ಶ್ವವಾಯುಗಳು ಕಾಲು ಭಾಗ ಕಡಿಮೆಯಾಗಿದ್ದವು, ಆಯಸ್ಸು ಒಂದೂವರೆ ವರ್ಷದಷ್ಟು ಹೆಚ್ಚಿತ್ತು. ಯಾರೋ "ಬರೀ ಒಂದೂವರೆ ವರ್ಷವಾ ಡಾಕ್ಟ್ರೇ" ಅಂದರು. ಹಗ್ಗದಾಟಕ್ಕೆ ಒಂದೂವರೆ ವರ್ಷ ಅಗ್ಗ ಅಲ್ವಾ?

## ಚಿಕಿತ್ಸೆ, ದುಡ್ಡು, ಆಸ್ಪತ್ರೆ

ಹಳ್ಳಿಗಳಲ್ಲಿ ದೊಡ್ಡ ಡಾಕ್ಟರ್ ಇರಲ್ಲ. ಬಿಪಿ ಯಾರು ನೋಡ್ತಾರೆ?

ಹಳ್ಳಿ ಡಾಕ್ಟರು. ಮಾವೋ ಕಾಲದ "ಬರಿಗಾಲ ಡಾಕ್ಟರು"ಗಳ ಉತ್ತರಾಧಿಕಾರಿಗಳು. ಎಂಬಿಬಿಎಸ್ ಇಲ್ಲ, ಸ್ವಲ್ಪ ತರಬೇತಿ ಇದೆ, ಊರಿನವರೇ. ಇವರ ಕೈಲಿ ಏನಾಗುತ್ತದೆ ಅಂತ ಮೂಗು ಮುರಿಯುವವರು ನಮ್ಮ ಕಾಲೇಜಿನಲ್ಲೂ ಇದ್ದರು. ಶೆನ್ಯಾಂಗ್‌ನವರೇ ಆದ ಹೃದಯ ತಜ್ಞ ಸುನ್ ಯಿಂಗ್‌ಶಿಯಾನ್ ಮತ್ತಿತರರು 326 ಹಳ್ಳಿಗಳಲ್ಲಿ ಸುಮಾರು 34 ಸಾವಿರ ಬಿಪಿ ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಹಳ್ಳಿ ಡಾಕ್ಟರ ಕೈಗೆ ಒಂದು ಸರಳ ಪಟ್ಟಿ ಕೊಟ್ಟರು: ಬಿಪಿ ಇಷ್ಟಿದ್ದರೆ ಈ ಮಾತ್ರೆ, ಇಳಿಯದಿದ್ದರೆ ಇದನ್ನು ಸೇರಿಸಿ. ಮಾತ್ರೆ ಪುಕ್ಕಟೆ ಅಥವಾ ರಿಯಾಯಿತಿ, ಮನೆಯಲ್ಲಿ ನೋಡಿಕೊಳ್ಳಲು ಒಂದು ಬಿಪಿ ಮಿಷಿನ್, ಮೇಲಿನ ಡಾಕ್ಟರು ಬೇಕೆಂದಾಗ ಫೋನಿನಲ್ಲಿ.

ಹದಿನೆಂಟು ತಿಂಗಳಿಗೆ ಆ ಹಳ್ಳಿಗಳಲ್ಲಿ ಶೇಕಡಾ 57 ಜನರ ಬಿಪಿ 130/80ರ ಕೆಳಗೆ ಬಂದಿತ್ತು. ಎಂದಿನ ಪದ್ಧತಿಯ ಹಳ್ಳಿಗಳಲ್ಲಿ 20ರ ಹತ್ತಿರ. ಮೂರು ವರ್ಷಕ್ಕೆ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಮೂರನೇ ಒಂದರಷ್ಟು ಕಡಿಮೆ. ನಮ್ಮ ಆಶಾ ಕಾರ್ಯಕರ್ತೆಯರಿಗೆ ಬಿಪಿ ಮಿಷಿನ್ ಕೊಟ್ಟು, ಹಿಂದೆ ಒಬ್ಬ ಡಾಕ್ಟರನ್ನು ನಿಲ್ಲಿಸಿದರೆ ಏನಾಗಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಅಪ್ಪನಿಗೆ ಎಪ್ಪತ್ತು. ಈ ವಯಸ್ಸಿಗೆ ಬಿಪಿ 145 ಇದ್ರೆ ಪರವಾಗಿಲ್ಲ ಅಲ್ವಾ?

ಹಿಂದೆ ನಾವೂ ಹಾಗೇ ಹೇಳುತ್ತಿದ್ದೆವು. ಚೀನಾದಲ್ಲಿ 60ರಿಂದ 80 ವಯಸ್ಸಿನ 8,511 ಜನರನ್ನು ಎರಡು ಗುಂಪು ಮಾಡಿದರು. ಒಂದರಲ್ಲಿ ಮೇಲಿನ ಬಿಪಿ 110ರಿಂದ 130ರೊಳಗೆ, ಇನ್ನೊಂದರಲ್ಲಿ 130ರಿಂದ 150ರೊಳಗೆ. ಬಿಗಿಯಾಗಿ ಇಳಿಸಿದ ಗುಂಪಿನಲ್ಲಿ ಹೃದಯ, ಮಿದುಳಿನ ಅನಾಹುತ ಕಾಲು ಭಾಗ ಕಡಿಮೆ ಆಯಿತು (2021). ಬಿಪಿ ತೀರಾ ಇಳಿಯುವ ತೊಂದರೆ ಸ್ವಲ್ಪ ಹೆಚ್ಚಾಯಿತು. ಒಂದು ಮಾತು: ಹಿಂದೆ ಪಾರ್ಶ್ವವಾಯು ಆದವರು ಅದರಲ್ಲಿ ಇರಲಿಲ್ಲ. ಅಪ್ಪ ಎದ್ದು ನಿಂತಾಗ ತಲೆ ತಿರುಗಿ ಬೀಳುವವರಾದರೆ ಲೆಕ್ಕ ಬೇರೆ, ಅವರ ಡಾಕ್ಟರೇ ಹೇಳಬೇಕು.

ಚೀನಾದಲ್ಲಿ ಸ್ಟೆಂಟ್ ಅಗ್ಗ ಅಂತೆ. ಎಷ್ಟು?

2020ರ ನವೆಂಬರ್‌ನಲ್ಲಿ ತಿಯಾಂಜಿನ್‌ನಲ್ಲಿ ಇಡೀ ದೇಶದ ಆಸ್ಪತ್ರೆಗಳಿಗೆ ಸೇರಿಸಿ ಒಂದೇ ಟೆಂಡರ್ ಕರೆದರು. ಇಷ್ಟು ಲಕ್ಷ ಸ್ಟೆಂಟ್ ಖಂಡಿತ ಕೊಳ್ಳುತ್ತೇವೆ, ಬೆಲೆ ಹೇಳಿ ಅಂತ. ಸರಾಸರಿ 13,000 ಯುವಾನ್ ಇದ್ದದ್ದು 700ರ ಆಸುಪಾಸಿಗೆ ಬಂತು. ಆಗಿನ ದರದಲ್ಲಿ ನಮ್ಮ ರೂಪಾಯಿಯಲ್ಲಿ ಸುಮಾರು ಒಂದೂವರೆ ಲಕ್ಷದಿಂದ ಎಂಟು ಸಾವಿರದ ಒಳಗೆ. ನಮ್ಮಲ್ಲಿ ದಾರಿ ಬೇರೆ. 2017ರ ಫೆಬ್ರವರಿಯಲ್ಲಿ ಸರ್ಕಾರವೇ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಮಿತಿ ಹಾಕಿತು. ಎರಡೂ ಕಡೆ ಸ್ಟೆಂಟ್ ಇಳಿದರೂ ಆಸ್ಪತ್ರೆ ಬಿಲ್ ಅಷ್ಟೇ ಪಟ್ಟು ಇಳಿಯಲಿಲ್ಲ, ಯಾಕಂದರೆ ಬಿಲ್‌ನಲ್ಲಿ ಸ್ಟೆಂಟ್ ಒಂದು ಸಾಲು ಮಾತ್ರ.

ನಮ್ಮ ಹುಡುಗ ಶೆನ್‌ಜೆನ್‌ನಲ್ಲಿ ಇದಾನೆ. ಎಮರ್ಜೆನ್ಸಿ ಆದ್ರೆ ಯಾವ ನಂಬರ್?

120. ನಮ್ಮ 108 ಇದ್ದ ಹಾಗೆ. ಈ ನಂಬರನ್ನೇ ಪಾರ್ಶ್ವವಾಯು ಗುರುತಿಸಲು ಬಳಸುತ್ತಾರೆ, ಜಾಣತನದ ಉಪಾಯ. 1: ಒಂದು ಮುಖ ನೋಡಿ, ಬಾಯಿ ಸೊಟ್ಟಗಿದೆಯಾ? 2: ಎರಡು ಕೈ ಎತ್ತಿಸಿ, ಒಂದು ಕೆಳಗೆ ಬೀಳುತ್ತದಾ? 0: ಚೀನೀ ಭಾಷೆಯಲ್ಲಿ ಸೊನ್ನೆಗೆ "ಲಿಂಗ್", ಕಿವಿಗೊಟ್ಟು ಕೇಳುವುದಕ್ಕೂ "ಲಿಂಗ್". ಮಾತು ತೊದಲುತ್ತಿದೆಯಾ ಕೇಳಿ. ಒಂದು ಇದ್ದರೂ 120ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ. ಹುಡುಗನ ಮನೆ ವಿಳಾಸ ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಇರಲಿ, ಅದನ್ನು ನೋಡಿ ಪಕ್ಕದವರು ಆಂಬುಲೆನ್ಸ್‌ಗೆ ದಾರಿ ಹೇಳಬಹುದು.

## ಸ್ವಲ್ಪ ಆಳಕ್ಕೆ ಹೋದವರಿಗೆ

ಅವರ ನಾಟಿ ಔಷಧಿ ಹೃದಯಕ್ಕೆ ಕೆಲಸ ಮಾಡುತ್ತಾ?

ಒಂದೊಂದನ್ನೂ ಬೇರೆ ಬೇರೆ ನೋಡಬೇಕು. ಕೆಂಪು ಬೂಷ್ಟು ಹಿಡಿಸಿದ ಅಕ್ಕಿಯಿಂದ ಮಾಡುವ "ಶ್ವೆಜಿಕಾಂಗ್" ಕೊಲೆಸ್ಟ್ರಾಲ್ ಇಳಿಸುತ್ತದೆ. ಹಾರ್ಟ್ ಅಟ್ಯಾಕ್ ಆಗಿದ್ದ 4,870 ಜನರ ಮೇಲೆ ಪರೀಕ್ಷೆಯೂ ಆಗಿ ಲಾಭ ಕಂಡಿದೆ. ಗುಟ್ಟೇನೆಂದರೆ ಆ ಅಕ್ಕಿಯಲ್ಲಿರುವ ಮುಖ್ಯ ಅಂಶವೂ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಲೋವಾಸ್ಟಾಟಿನ್ ಮಾತ್ರೆಯೂ ಒಂದೇ ರಾಸಾಯನಿಕ. "ಇಂಗ್ಲಿಷ್ ಮಾತ್ರೆ ಬೇಡ, ಇದು ನೈಸರ್ಗಿಕ" ಅಂತ ತೆಗೆದುಕೊಳ್ಳುವವರು ನುಂಗುವುದು ಅದನ್ನೇ. ಅಡ್ಡ ಪರಿಣಾಮವೂ ಅದೇ, ಹಾಗಾಗಿ ಸ್ಟಾಟಿನ್ ಜೊತೆಗೆ ಸೇರಿಸಬಾರದು.

"ತೊಂಗ್‌ಶಿನ್‌ಲುವೊ" ಅಂತ ಇನ್ನೊಂದು. ದೊಡ್ಡ ಹಾರ್ಟ್ ಅಟ್ಯಾಕ್ ಆದ ಸುಮಾರು 3,800 ಜನರಲ್ಲಿ, ಮಾಮೂಲಿ ಚಿಕಿತ್ಸೆಯ ಜೊತೆಗೆ ಕೊಟ್ಟಾಗ 30 ದಿನಗಳ ಅನಾಹುತ ಶೇಕಡಾ 5.2ರಿಂದ 3.4ಕ್ಕೆ ಇಳಿದದ್ದು 2023ರಲ್ಲಿ ಪ್ರಕಟವಾಯಿತು. ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಇನ್ನೂ ತಿಳಿಯಾಗಿಲ್ಲ, ಬೇರೆ ದೇಶದವರು ಮಾಡಿ ನೋಡುವವರೆಗೆ ನಾನು ಬರೆದುಕೊಡುವುದಿಲ್ಲ. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಅದರಲ್ಲಿ ಜಿಗಣೆ, ಚೇಳು, ಜರಿ ಇವೆ.

ಫೋಲಿಕ್ ಆಸಿಡ್ ಗರ್ಭಿಣಿಯರಿಗೆ ತಾನೇ? ಬಿಪಿ ಇರೋರಿಗೂ ಕೊಟ್ರಂತೆ?

ಜಿಯಾಂಗ್ಸು ಮತ್ತು ಅನ್‌ಹುಯಿಯಲ್ಲಿ ಬಿಪಿ ಇದ್ದ 20,702 ಜನರಲ್ಲಿ ಅರ್ಧ ಜನಕ್ಕೆ ಎನಲಾಪ್ರಿಲ್ ಎಂಬ ಬಿಪಿ ಮಾತ್ರೆ, ಉಳಿದರ್ಧಕ್ಕೆ ಅದರ ಜೊತೆ 0.8 ಮಿಲಿಗ್ರಾಂ ಫೋಲಿಕ್ ಆಸಿಡ್. ಎರಡನೇ ಗುಂಪಿನಲ್ಲಿ ಮೊದಲ ಪಾರ್ಶ್ವವಾಯು ಶೇಕಡಾ 21 ಕಡಿಮೆ (2015). ಅಲ್ಲಿ ಹಿಟ್ಟಿಗೆ ಫೋಲಿಕ್ ಆಸಿಡ್ ಬೆರೆಸುವ ರೂಢಿ ಇಲ್ಲ, ಜನರ ರಕ್ತದಲ್ಲಿ ಅದು ಕಡಿಮೆ. ಕೊರತೆ ಇದ್ದವರಿಗೆ ಕೊಟ್ಟಾಗ ಆದ ಲಾಭ ಅದು. ಕೊರತೆ ಇಲ್ಲದವರು ನುಂಗಿದರೂ ಅಷ್ಟೇ ಲಾಭ ಆಗುತ್ತದೆ ಅಂದುಕೊಳ್ಳಬೇಡಿ.

ಚೀನೀಯರಿಗೆ ಡೋಸ್ ಬೇರೆ ಕೊಡ್ತಾರಾ? ಔಷಧಿ ಎಲ್ಲರಿಗೂ ಒಂದೇ ಅಲ್ವಾ?

ಕೆಲವು ಕಡೆ ಬೇರೆ. ಕೊಲೆಸ್ಟ್ರಾಲ್ ಇಳಿಸುವ ರೋಸುವಾಸ್ಟಾಟಿನ್ ಏಷ್ಯಾದವರ ರಕ್ತದಲ್ಲಿ ಬಿಳಿಯರಿಗಿಂತ ಸುಮಾರು ಎರಡರಷ್ಟು ನಿಲ್ಲುತ್ತದೆ, ಅದಕ್ಕೆ 5 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಕ್ಲೊಪಿಡೊಗ್ರೆಲ್‌ನದು ಇನ್ನೊಂದು ಬಗೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ ಮಾತ್ರೆ ಹೊಟ್ಟೆಗೆ ಹೋದ ಮೇಲೆ ಲಿವರ್ ಅದನ್ನು ಚುರುಕು ಮಾಡಬೇಕು. ಬಹಳ ಚೀನೀಯರ ಲಿವರ್‌ಗೆ ಆ ಕೆಲಸ ಸರಿಯಾಗಿ ಬರುವುದಿಲ್ಲ, ಹುಟ್ಟಿನಿಂದಲೇ. ಬೀಜಿಂಗ್‌ನ ತಿಯಾನ್‌ತಾನ್ ಆಸ್ಪತ್ರೆಯ ವಾಂಗ್ ಯೊಂಗ್‌ಜುನ್ ತಂಡ ಸಣ್ಣ ಪಾರ್ಶ್ವವಾಯು ಆದವರಲ್ಲಿ ಅಂಥವರನ್ನೇ ಜೀನ್ ಪರೀಕ್ಷೆಯಿಂದ ಆರಿಸಿ, 6,412 ಜನರಲ್ಲಿ ಅರ್ಧ ಜನಕ್ಕೆ ಟಿಕಾಗ್ರೆಲಾರ್ ಎಂಬ ಅದೇ ಕೆಲಸದ ಇನ್ನೊಂದು ಮಾತ್ರೆ ಕೊಟ್ಟರು. ಮೂರು ತಿಂಗಳಲ್ಲಿ ಮತ್ತೆ ಪಾರ್ಶ್ವವಾಯು ಆದವರು ಟಿಕಾಗ್ರೆಲಾರ್ ಗುಂಪಿನಲ್ಲಿ ಶೇಕಡಾ 6, ಕ್ಲೊಪಿಡೊಗ್ರೆಲ್ ಗುಂಪಿನಲ್ಲಿ 7.6. ನಮ್ಮವರಲ್ಲೂ ಈ ಜೀನ್ ಇರುವವರು ಕಡಿಮೆ ಏನಿಲ್ಲ. ಇದನ್ನು ಓದಿ ನಿಮ್ಮ ಮಾತ್ರೆ ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿದವರು ಒಂದು ವಾರ ಬಿಟ್ಟರೂ ಸ್ಟೆಂಟ್ ಕಟ್ಟಿಕೊಳ್ಳಬಹುದು.

ಮಣ್ಣಿನಿಂದ ಹೃದಯದ ಕಾಯಿಲೆ ಬರೋ ಊರು ಚೀನಾದಲ್ಲಿ ಇದೆ ಅಂತ ಓದಿದ್ದೆ. ಸುಳ್ಳಾ?

ಒಬ್ಬರು ನಿವೃತ್ತ ಕೃಷಿ ಅಧಿಕಾರಿ ಕೇಳಿದ ಪ್ರಶ್ನೆ ಇದು. ಸುಳ್ಳಲ್ಲ. 1935ರ ಚಳಿಗಾಲದಲ್ಲಿ ಹೈಲೊಂಗ್‌ಜಿಯಾಂಗ್‌ನ ಕೆಶಾನ್ ಎಂಬಲ್ಲಿ ಮಕ್ಕಳು, ಹೆಂಗಸರು ಇದ್ದಕ್ಕಿದ್ದಂತೆ ಹೃದಯ ಸೋತು ಸಾಯತೊಡಗಿದರು. ಊರಿನ ಹೆಸರೇ ಕಾಯಿಲೆಗೆ ನಿಂತಿತು. ಈಶಾನ್ಯದಿಂದ ನೈರುತ್ಯದವರೆಗೆ ಚೀನಾದ ಮೇಲೆ ಒಂದು ಅಡ್ಡಪಟ್ಟಿ ಎಳೆದ ಹಾಗೆ ಕಾಯಿಲೆ ಹರಡಿತ್ತು. ಆ ಪಟ್ಟಿಯ ಮಣ್ಣಲ್ಲಿ ಸೆಲೆನಿಯಂ ಎಂಬ ಖನಿಜಾಂಶ ತೀರಾ ಕಡಿಮೆ, ಅಲ್ಲಿ ಬೆಳೆದ ಧಾನ್ಯದಲ್ಲೂ ಇಲ್ಲ, ಅದನ್ನೇ ತಿಂದವರ ರಕ್ತದಲ್ಲೂ ಇಲ್ಲ. ಅದರ ಜೊತೆ ಒಂದು ವೈರಸ್ಸಿನ ಕೈವಾಡವೂ ಇತ್ತು ಅನ್ನುತ್ತಾರೆ.

1974ರಲ್ಲಿ ಸಿಚುವಾನ್‌ನ ಮಿಯಾನ್‌ನಿಂಗ್‌ನಲ್ಲಿ ಒಂದರಿಂದ ಒಂಬತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಸೆಲೆನಿಯಂ ಮಾತ್ರೆ ಕೊಟ್ಟು ನೋಡಿದರು. ಆ ವರ್ಷ ಮಾತ್ರೆ ಸಿಗದ 3,985 ಮಕ್ಕಳಲ್ಲಿ 54 ಮಕ್ಕಳಿಗೆ ಕಾಯಿಲೆ ಬಂತು, ಮಾತ್ರೆ ತಿಂದ 4,510 ಮಕ್ಕಳಲ್ಲಿ 10 ಮಕ್ಕಳಿಗೆ. ಮಾರನೇ ವರ್ಷವೂ ಹೀಗೇ ಆಯಿತು. 1976ರಲ್ಲಿ ಹೋಲಿಕೆ ಸಾಕು ಅಂತ ಎಲ್ಲಾ ಮಕ್ಕಳಿಗೂ ಮಾತ್ರೆ ಕೊಟ್ಟರು. ಈಗ ಆ ಕಾಯಿಲೆ ಅಪರೂಪ. ನೈನೈ ಚಿಕ್ಕವರಿದ್ದಾಗ ಆ ಅಡ್ಡಪಟ್ಟಿಯ ಒಂದು ಹಳ್ಳಿಯಲ್ಲಿ ಒಬ್ಬಳು ತಂಗಿಯನ್ನು ಕಳೆದುಕೊಂಡಿದ್ದರಂತೆ. ಹೆಸರು ಗೊತ್ತಿಲ್ಲದ ಕಾಯಿಲೆ, ಎದೆ ಹಿಡಿದುಕೊಂಡಳು, ಹಳದಿ ನೀರು ವಾಂತಿ ಮಾಡಿಕೊಂಡಳು ಅಂತಷ್ಟೇ ಹೇಳಿದ್ದರು. ಪುಸ್ತಕದಲ್ಲಿ ಕೆಶಾನ್ ಪಾಠಕ್ಕೆ ಬಂದ ದಿನ ನನಗೆ ಅದು ನೆನಪಾಗಿ, ಸಂಜೆ ಹೋಗಿ ಅವರಿಗೆ ಹೆಸರು ಹೇಳಿದೆ.